ಜಿಂಕೆ, ಬಾಣ ಮತ್ತು ಐವತ್ತು ಗಜದ ಗೆರೆ

ಬಂದೂಕು ಬಂದ ಮೇಲೆ ಬಿಲ್ಲು ಮೂಲೆ ಸೇರಿತು ಎಂಬುದು ಸಾಮಾನ್ಯ ನಂಬಿಕೆ. ಯುದ್ಧರಂಗದ ಮಟ್ಟಿಗೆ ಈ ಮಾತು ನಿಜ, ಬೇಟೆಯ ಮಟ್ಟಿಗೆ ಅಲ್ಲ. ಅಮೆರಿಕದಲ್ಲಿ ಇಂದಿಗೂ ಶರತ್ಕಾಲ ಬಂತೆಂದರೆ ಲಕ್ಷಾಂತರ ಮಂದಿ ಪರವಾನಗಿ ಪಡೆದು, ಬಿಲ್ಲು ಬಾಣ ಹಿಡಿದು ಜಿಂಕೆ ಬೇಟೆಗೆ ಕಾಡು ಹೊಗುತ್ತಾರೆ. ಬಂದೂಕಿನ ಬೇಟೆಗೆ ಒಂದು ಋತು, ಬಿಲ್ಲಿನ ಬೇಟೆಗೆ ಇನ್ನೊಂದು ಋತು ಎಂದು ಅಲ್ಲಿನ ರಾಜ್ಯ ಸರ್ಕಾರಗಳೇ ಗೊತ್ತುಮಾಡುತ್ತವೆ.

ಬಿಲ್ಲು ಹಿಡಿದವನ ಮುಂದೆ ಯಾವಾಗಲೂ ಎರಡು ಪ್ರಶ್ನೆಗಳಿರುತ್ತವೆ. ಬಾಣ ಜಿಂಕೆಯ ಮೈಯಲ್ಲಿ ಎಲ್ಲಿ ನಾಟಬೇಕು? ಅದನ್ನು ಎಷ್ಟು ದೂರದಿಂದ ಬಿಡಬೇಕು? ಮೇಲ್ನೋಟಕ್ಕೆ ಇವು ಕಸುಬಿನ ಪ್ರಶ್ನೆಗಳು. ಆದರೆ ಉತ್ತರ ಒಂದು ಗೇಣು ತಪ್ಪಿದರೂ ಹೊಟ್ಟೆಗೆ ಬಾಣ ಚುಚ್ಚಿಸಿಕೊಂಡ ಪ್ರಾಣಿ ಪೊದೆಯೊಳಗೆ ಸೇರಿ, ಯಾರ ಕಣ್ಣಿಗೂ ಬೀಳದೆ, ಗಂಟೆಗಟ್ಟಲೆ ನರಳಿ ಸಾಯುತ್ತದೆ. ಹಾಗಾಗಿ ಇದು ನ್ಯಾಯದ ಪ್ರಶ್ನೆಯೂ ಹೌದು.

ಈ ಪ್ರಶ್ನೆಗಳ ಆಧುನಿಕ ಇತಿಹಾಸ ಆರಂಭವಾಗುವುದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಒಂದು ಅಪರೂಪದ ಗೆಳೆತನದಿಂದ. ಗೆಳೆಯರಲ್ಲಿ ಒಬ್ಬ ತನ್ನ ಜನಾಂಗವನ್ನೆಲ್ಲ ಕಳೆದುಕೊಂಡು ಕಾಡಿನಿಂದ ಹೊರಬಂದವನು. ಇನ್ನೊಬ್ಬ ನಗರದ ಶಸ್ತ್ರವೈದ್ಯ.

ಕಾಡಿನಿಂದ ಬಂದವನು

1911ರ ಆಗಸ್ಟ್ 29ರಂದು ಕ್ಯಾಲಿಫೋರ್ನಿಯಾದ ಓರೊವಿಲ್ ಪಟ್ಟಣದ ಹೊರವಲಯದ ಕಸಾಯಿಖಾನೆಯೊಂದರ ಬಳಿ, ಹಸಿವಿನಿಂದ ಸೊರಗಿದ, ಸುಮಾರು ಐವತ್ತರ ವಯಸ್ಸಿನ ವ್ಯಕ್ತಿಯೊಬ್ಬ ಸಿಕ್ಕಿದ. ಶೋಕದ ಗುರುತಾಗಿ ತಲೆಗೂದಲನ್ನು ಸುಟ್ಟು ಗಿಡ್ಡಮಾಡಿಕೊಂಡಿದ್ದ. ಆತನ ಮಾತು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಜನ ಮುತ್ತಿಕೊಳ್ಳಬಾರದೆಂದು ಅಲ್ಲಿನ ಷರೀಫ್ ಆತನನ್ನು ಜೈಲಿನ ಕೋಣೆಯಲ್ಲಿ ಇರಿಸಿದ. ಸುದ್ದಿ ತಿಳಿದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಟಿ.ಟಿ. ವಾಟರ್‌ಮನ್ ಧಾವಿಸಿ ಬಂದ. ಆತ ಯಾಹಿ ಬುಡಕಟ್ಟಿಗೆ ಸೇರಿದವನು, ಆ ಬುಡಕಟ್ಟಿನಲ್ಲಿ ಉಳಿದ ಕೊನೆಯವನು ಎಂಬುದು ಗೊತ್ತಾಯಿತು.

ಯಾಹಿಗಳು ಲ್ಯಾಸನ್ ಶಿಖರದ ತಪ್ಪಲಿನ ಮಿಲ್ ಕ್ರೀಕ್ ಮತ್ತು ಡೀರ್ ಕ್ರೀಕ್ ಕಣಿವೆಗಳಲ್ಲಿ ಬದುಕಿದ್ದ ಸಣ್ಣ ಜನಸಮುದಾಯ. 1849ರಲ್ಲಿ ಚಿನ್ನದ ಆಸೆಗೆ ಬಿಳಿಯರು ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದ ಮೇಲೆ ಇವರ ನೆಲ, ನೀರು, ಬೇಟೆ ಎಲ್ಲವೂ ಕೈತಪ್ಪಿತು. 1860ರ ದಶಕದಲ್ಲಿ ಬಂದೂಕುಧಾರಿಗಳ ತಂಡಗಳು ಹೆಂಗಸರು ಮಕ್ಕಳೆನ್ನದೆ ಇವರನ್ನು ಕೊಂದುಹಾಕಿದವು. ಉಳಿದ ಬೆರಳೆಣಿಕೆಯ ಜನ ಸುಮಾರು ನಾಲ್ಕು ದಶಕ ಕಣಿವೆಗಳಲ್ಲಿ ಅಡಗಿ ಬಾಳಿದರು. ಬಂದೂಕಿನ ಸದ್ದು ದೂರದವರೆಗೆ ಕೇಳುತ್ತದೆ. ಬಿಲ್ಲಿನ ಸದ್ದು ಕೇಳುವುದಿಲ್ಲ. ಅಡಗಿ ಬಾಳುವವರಿಗೆ ಬಿಲ್ಲೇ ತಕ್ಕ ಆಯುಧ. ಬಾಣ ಗುರಿ ತಪ್ಪಿದರೆ ಅವರಿಗೆ ಅಂದಿನ ಊಟವೂ ತಪ್ಪುತ್ತಿತ್ತು.

ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಯಾಹಿಗಳಲ್ಲಿ ನಿಷಿದ್ಧ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹಳೆಯ ತಲೆಮಾರಿನ ಹೆಂಗಸರನ್ನು ಕಂಡಿರುವ ನಮಗೆ ಇದು ವಿಚಿತ್ರವೆನಿಸದು. ಹಾಗಾಗಿ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಆತನನ್ನು ‘ಇಶಿ’ ಎಂದು ಕರೆದ. ಯಾಹಿ ಮಾತಿನಲ್ಲಿ ಅದರ ಅರ್ಥ ‘ಮನುಷ್ಯ’. ಆತನ ನಿಜವಾದ ಹೆಸರು ಯಾರಿಗೂ ತಿಳಿಯದೇ ಹೋಯಿತು.

ಇಶಿ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ನೆಲೆಸಿದ. ಪಕ್ಕದಲ್ಲೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅಲ್ಲಿ ಶಸ್ತ್ರಚಿಕಿತ್ಸೆ ಕಲಿಸುತ್ತಿದ್ದ ಡಾ. ಸ್ಯಾಕ್ಸ್‌ಟನ್ ಪೋಪ್ ಮೊದಲು ಇಶಿಯ ವೈದ್ಯನಾದ, ನಂತರ ಗೆಳೆಯನಾದ, ಕೊನೆಗೆ ಬಿಲ್ಲುವಿದ್ಯೆಯ ಶಿಷ್ಯನಾದ.

ಗುರುವಿನ ಬಿಲ್ಲು

ಪೋಪ್ ತನ್ನ ಗುರುವಿನ ವಿದ್ಯೆಯನ್ನು ವೈದ್ಯನ ಶಿಸ್ತಿನಿಂದಲೇ ಅಳೆದು ಬರೆದಿಟ್ಟ. ಇಶಿಯ ಬಿಲ್ಲು ಜೂನಿಪರ್ ಮರದ್ದು, ಉದ್ದ ಕೇವಲ 42 ಅಂಗುಲ. ಅದರ ಬೆನ್ನಿಗೆ ಜಿಂಕೆಯ ಸ್ನಾಯುತಂತುಗಳನ್ನು ಅಂಟಿಸಲಾಗಿತ್ತು. ಅದನ್ನು ಪೂರ್ತಿ ಸೆಳೆಯಲು ಬೇಕಾದ ಬಲ ಸುಮಾರು 45 ಪೌಂಡ್, ಅಂದರೆ 20 ಕಿಲೋ ತೂಕ ಎತ್ತುವಷ್ಟು. ಬಾಣಕ್ಕೆ ಹೇಜಲ್ ಗಿಡದ ಕಡ್ಡಿ. ಮೊನೆಗೆ ಅಬ್ಸಿಡಿಯನ್ ಎಂಬ ಜ್ವಾಲಾಮುಖಿ ಗಾಜು.

ಇಶಿ ಹೆದೆಯನ್ನು ಸೆಳೆಯುತ್ತಿದ್ದುದು ಹೆಬ್ಬೆರಳಿನಿಂದ. ಯುರೋಪಿನವರು ಮೂರು ಬೆರಳಿನಿಂದ ಸೆಳೆಯುತ್ತಾರೆ. ಹೆಬ್ಬೆರಳಿನ ಪದ್ಧತಿ ಏಷ್ಯಾದ ಮಂಗೋಲರದಕ್ಕೆ ಹತ್ತಿರವಾದದ್ದು. ದ್ರೋಣ ಏಕಲವ್ಯನ ಹೆಬ್ಬೆರಳನ್ನೇ ಏಕೆ ಕೇಳಿದ ಎಂಬುದು ಈ ಪದ್ಧತಿಯನ್ನು ನೋಡಿದವರಿಗೆ ಬೇಗ ಅರ್ಥವಾಗುತ್ತದೆ.

ಮೈದಾನದಲ್ಲಿ ನಿಲ್ಲಿಸಿದ ದೊಡ್ಡ ಗುರಿಹಲಗೆಗೆ ಬಾಣ ಬಿಡುವ ಸ್ಪರ್ಧೆಯಲ್ಲಿ ಇಶಿ ಅಂಥ ನಿಪುಣನೇನಲ್ಲ. ಶಿಷ್ಯನೇ ಗುರುವನ್ನು ಮೀರಿಸುತ್ತಿದ್ದ. ಆದರೆ ಗುರಿ ಹಕ್ಕಿಯಷ್ಟು ಅಥವಾ ಅಳಿಲಿನಷ್ಟು ಚಿಕ್ಕದಾಗಿ, ಹತ್ತಿರದಲ್ಲಿದ್ದರೆ ಇಶಿಯ ಕೈ ಮೇಲಾಗುತ್ತಿತ್ತು. ಬಣ್ಣಬಣ್ಣದ ದೊಡ್ಡ ವೃತ್ತಗಳಿಗೆ ದೂರದಿಂದ ಬಾಣ ಹೊಡೆದು ಅಂಕ ಎಣಿಸುವುದು ಆತನಿಗೆ ಅರ್ಥವಿಲ್ಲದ ಆಟ.

ಜಿಂಕೆ ಬೇಟೆಯಲ್ಲಿ ಇಶಿಯ ಲೆಕ್ಕ ಬೇರೆಯೇ ಇತ್ತು. ಹತ್ತರಿಂದ ಐವತ್ತು ಗಜದೊಳಗೆ ಬಾಣ ಬಿಡಬೇಕು. ಅದಕ್ಕಿಂತ ದೂರವಿದ್ದರೆ ಬಾಣ ಹಾಳುಮಾಡುವುದಕ್ಕಿಂತ ಇನ್ನಷ್ಟು ಹತ್ತಿರ ತೆವಳುವುದೇ ಸರಿ. ಬೇಟೆಗೆ ಹೊರಡುವ ಮುನ್ನ ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಸೇದುತ್ತಿರಲಿಲ್ಲ. ಮೈವಾಸನೆ ಪ್ರಾಣಿಗೆ ಹತ್ತಬಾರದು. ಗಾಳಿ ಎತ್ತಣಿಂದ ಬೀಸುತ್ತಿದೆ ಎಂದು ನೋಡಿಯೇ ಹೆಜ್ಜೆ ಇಡುತ್ತಿದ್ದ. ಹುಲ್ಲು ತುಂಬಿದ ಜಿಂಕೆ ತಲೆಯ ಮುಖವಾಡ ತೊಟ್ಟು ಪೊದೆಯ ಹಿಂದಿನಿಂದ ಇಣುಕಿ, ಜಿಂಕೆಯ ಕುತೂಹಲ ಕೆರಳಿಸಿ, ಅದೇ ಹತ್ತಿರ ಬರುವಂತೆ ಮಾಡುತ್ತಿದ್ದ. ಬೆರಳುಗಳನ್ನು ತುಟಿಗೆ ಒತ್ತಿ ಗಾಯಗೊಂಡ ಮೊಲದ ಕೂಗನ್ನು ಹೊರಡಿಸುತ್ತಿದ್ದ. ಬಿಲ್ಲು ಸೆಳೆಯುವ ಕೆಲಸ ಕ್ಷಣಮಾತ್ರದ್ದು. ಹತ್ತಿರ ಸೇರುವ ಕೆಲಸಕ್ಕೆ ಅರ್ಧ ದಿನವೇ ಬೇಕಾದೀತು. 1914ರ ಬೇಸಿಗೆಯ ಆರಂಭದಲ್ಲಿ ಪೋಪ್, ಕ್ರೋಬರ್ ಮತ್ತು ವಾಟರ್‌ಮನ್ ಇಶಿಯ ಜೊತೆ ಡೀರ್ ಕ್ರೀಕ್ ಕಣಿವೆಗೆ ಹೋಗಿ ತಂಗಿದರು. ಪೋಪ್ ಆ ವಿದ್ಯೆಯನ್ನು ಅದು ಹುಟ್ಟಿದ ನೆಲದಲ್ಲೇ ಕಂಡ.

ವೈದ್ಯನ ಕಣ್ಣು

ಹತ್ತಿರ ಹೋಗುವುದು ಏಕೆ ಮುಖ್ಯ? ಬಾಣ ಕೊಲ್ಲುವ ಬಗೆ ತಿಳಿದರೆ ಉತ್ತರ ಸಿಗುತ್ತದೆ.

ಬೇಟೆ ಬಂದೂಕಿನ ಗುಂಡು ಅಪಾರ ವೇಗದಿಂದ ಬಡಿದು ಸುತ್ತಲಿನ ಮಾಂಸ, ಮೂಳೆಗಳನ್ನು ಚಿಂದಿ ಮಾಡುತ್ತದೆ. ಬಾಣಕ್ಕೆ ಆ ಬಲವಿಲ್ಲ. ಅದು ಚಾಕುವಿನಂತೆ ಕೊಯ್ಯುತ್ತಾ ಒಳಹೋಗುತ್ತದೆ. ಬಾಣ ಕೊಲ್ಲುವುದು ರಕ್ತಸ್ರಾವದಿಂದ ಎಂಬುದನ್ನು ಶಸ್ತ್ರವೈದ್ಯನಾದ ಪೋಪ್ ಚೆನ್ನಾಗಿ ಅರಿತಿದ್ದ. ಆದ್ದರಿಂದ ಅಲಗು ಕ್ಷೌರದ ಕತ್ತಿಯಷ್ಟು ಹರಿತವಾಗಿರಬೇಕು, ಅದು ಹೆಚ್ಚು ರಕ್ತ ಹರಿಯುವ ಅಂಗಗಳನ್ನೇ ಕೊಯ್ಯಬೇಕು.

ಜಿಂಕೆಯ ಎದೆಗೂಡಿನಲ್ಲಿ ಹೃದಯ ತೀರಾ ಕೆಳಗೆ, ಮುಂಗಾಲುಗಳ ನಡುವೆ ಇರುತ್ತದೆ. ಅದರ ಮೇಲೆ ಮತ್ತು ಹಿಂದೆ ಎರಡೂ ಪಕ್ಕಗಳನ್ನು ತುಂಬಿಕೊಂಡು ಶ್ವಾಸಕೋಶಗಳಿವೆ. ಬಾಣ ಎರಡೂ ಶ್ವಾಸಕೋಶಗಳನ್ನು ಹಾಯ್ದುಹೋದರೆ ರಕ್ತ ಒಳಗೆ ಹರಿಯುತ್ತದೆ, ಗಾಯದ ಮೂಲಕ ಗಾಳಿ ನುಗ್ಗಿ ಶ್ವಾಸಕೋಶ ಕುಸಿಯುತ್ತದೆ. ಪ್ರಾಣಿ ಒಂದಷ್ಟು ದೂರ ಓಡಿ, ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಬಿದ್ದುಬಿಡುತ್ತದೆ. ಈ ಮರ್ಮಸ್ಥಾನದ ಅಗಲ ಹೆಚ್ಚೆಂದರೆ ಊಟದ ತಟ್ಟೆಯಷ್ಟು. ಅದಕ್ಕಿಂತ ಮುಂದೆ ಬಿದ್ದರೆ ಹೆಗಲಿನ ಮೂಳೆ ಬಾಣವನ್ನು ತಡೆಯುತ್ತದೆ. ಹಿಂದೆ ಬಿದ್ದರೆ ಯಕೃತ್ತು, ಇನ್ನೂ ಹಿಂದಾದರೆ ಮೆಲುಕು ಹಾಕುವ ದೊಡ್ಡ ಹೊಟ್ಟೆ. ಅಲ್ಲಿ ರಕ್ತಸ್ರಾವ ಕಡಿಮೆ, ಸಾವು ನಿಧಾನ.

ಹಾಗಾಗಿ ಜಿಂಕೆ ಯಾವ ಭಂಗಿಯಲ್ಲಿ ನಿಂತಿದೆ ಎಂಬುದೂ ದೂರದಷ್ಟೇ ಮುಖ್ಯ. ಪೂರ್ತಿ ಪಕ್ಕಕ್ಕೆ ತಿರುಗಿ ನಿಂತ ಜಿಂಕೆಯ ಮುಂಗಾಲಿನ ಹಿಂಬದಿಗೆ, ಎದೆಯ ಕೆಳಗಿನ ಮೂರನೇ ಒಂದು ಭಾಗದ ಎತ್ತರಕ್ಕೆ ಗುರಿಯಿಡುತ್ತಾರೆ. ಬೇಟೆಗಾರನಿಂದ ತುಸು ಆಚೆಗೆ ಮುಖಮಾಡಿ ಓರೆಯಾಗಿ ನಿಂತಿದ್ದರೆ ಇನ್ನೂ ಒಳ್ಳೆಯದು. ಬಾಣ ಪಕ್ಕೆಲುಬುಗಳ ಹಿಂಬದಿಯಿಂದ ಒಳಹೊಕ್ಕು ಎದುರಿನ ಹೆಗಲಿನ ಕಡೆಗೆ ಸಾಗುತ್ತದೆ. ನೇರ ಎದುರಾಗಿ ಅಥವಾ ಬೆನ್ನು ಮಾಡಿ ನಿಂತಿದ್ದರೆ ಬಾಣ ಬಿಡಬಾರದು. ಒಂದು ಮುಂಗಾಲು ಮುಂದಕ್ಕೆ ಚಾಚುವವರೆಗೆ ಕಾಯುವವರೂ ಇದ್ದಾರೆ. ಆಗ ಹೆಗಲಿನ ಮೂಳೆ ಮುಂದೆ ಸರಿದು ಪಕ್ಕೆಲುಬು ತೆರೆದುಕೊಳ್ಳುತ್ತದೆ.

ಬಾಣ ನಾಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ಎಲೆಗಳ ಮೇಲಿನ ರಕ್ತವೇ ಗಾಯದ ಸುದ್ದಿ ಹೇಳುತ್ತದೆ. ನೊರೆ ಬೆರೆತ ತಿಳಿಗೆಂಪು ರಕ್ತವಾದರೆ ಶ್ವಾಸಕೋಶ, ಕಪ್ಪುಗೆಂಪಾದರೆ ಯಕೃತ್ತು, ಹಸಿರು ಮಿಶ್ರಿತವಾಗಿ ದುರ್ವಾಸನೆ ಇದ್ದರೆ ಹೊಟ್ಟೆ. ಎದೆಗೆ ತಗುಲಿದ್ದರೆ ಅರ್ಧ ಗಂಟೆ ಕಾದು ಹೊರಡುತ್ತಾರೆ. ಹೊಟ್ಟೆಗೆ ತಗುಲಿದ್ದರೆ ಹಲವು ಗಂಟೆ ಕಾಯಬೇಕು. ಇದು ಕ್ರೂರವೆನಿಸಬಹುದು. ಆದರೆ ಕೂಡಲೇ ಬೆನ್ನಟ್ಟಿದರೆ ಹೆದರಿದ ಪ್ರಾಣಿ ಮೈಲಿಗಟ್ಟಲೆ ಓಡಿ ಕಾಣದಂತಾಗುತ್ತದೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ತಪ್ಪಿದ ಗುರಿಯ ಬೆಲೆ ಎಷ್ಟೆಂಬುದನ್ನು ಈ ಕಾಯುವಿಕೆಯೇ ಬೇಟೆಗಾರನಿಗೆ ಕಲಿಸುತ್ತದೆ.

ಪುಸ್ತಕ ಹಬ್ಬಿಸಿದ ಹುಚ್ಚು

ಇಶಿ 1916ರ ಮಾರ್ಚ್ 25ರಂದು ಕ್ಷಯದಿಂದ ತೀರಿಕೊಂಡ. ದೇಹವನ್ನು ಕೊಯ್ಯಬಾರದೆಂದು ಕ್ರೋಬರ್ ನ್ಯೂಯಾರ್ಕ್‌ನಿಂದ ಬರೆದ ಪತ್ರ ತಲಪುವುದು ತಡವಾಯಿತು. ಶವಪರೀಕ್ಷೆ ನಡೆದು, ಮಿದುಳನ್ನು ಬೇರ್ಪಡಿಸಿ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಳಿಸಲಾಯಿತು. ಅದು ಮೂಲನಿವಾಸಿಗಳ ಕೈಸೇರಿ ಮಣ್ಣಾಗಲು 2000ನೇ ಇಸವಿಯವರೆಗೆ ಕಾಯಬೇಕಾಯಿತು.

ಪೋಪ್ ಬಿಲ್ಲನ್ನು ಬಿಡಲಿಲ್ಲ. ಆರ್ಥರ್ ಯಂಗ್ ಮತ್ತು ವಿಲ್ ಕಾಂಪ್ಟನ್ ಎಂಬ ಗೆಳೆಯರೊಡನೆ ಬೇಟೆ ಮುಂದುವರಿಸಿದ. ಬೇರೆ ಬೇರೆ ದೇಶಗಳ ಬಿಲ್ಲುಗಳನ್ನು ವಸ್ತುಸಂಗ್ರಹಾಲಯದಿಂದ ತೆಗೆದು ಯಾವುದು ಎಷ್ಟು ದೂರ ಎಸೆಯುತ್ತದೆಂದು ಪರೀಕ್ಷಿಸಿದ. ಪೆಟ್ಟಿಗೆಗೆ ದನದ ಯಕೃತ್ತನ್ನು ತುಂಬಿ, ಮೇಲೆ ಜಿಂಕೆಯ ಚರ್ಮ ಹೊದಿಸಿ ಬಾಣ ಹೊಡೆದಾಗ ಇಶಿಯ ಗಾಜಿನ ಮೊನೆ ಉಕ್ಕಿನ ಮೊನೆಗಿಂತ ಆಳಕ್ಕೆ ಇಳಿಯಿತು. ಯಾರನ್ನು ಕಾಡುಜನರೆಂದು ಅಟ್ಟಿ ಕೊಲ್ಲಲಾಗಿತ್ತೋ ಅವರ ಬಾಣದ ಮೊನೆ, ಆ ಪರೀಕ್ಷೆಯಲ್ಲಿ, ಕಾರ್ಖಾನೆಯ ಉಕ್ಕನ್ನು ಮೀರಿಸಿತ್ತು.

1923ರಲ್ಲಿ ಪೋಪ್ ಬರೆದ ‘ಹಂಟಿಂಗ್ ವಿತ್ ದಿ ಬೋ ಅಂಡ್ ಆ್ಯರೋ’ ಪುಸ್ತಕ ಅಮೆರಿಕದಲ್ಲಿ ಬಿಲ್ಲಿನ ಬೇಟೆಯ ಹುಚ್ಚು ಹಿಡಿಸಿತು. ಆದರೆ ಶಿಷ್ಯ ಗುರುವಿನ ಗೆರೆಯನ್ನು ದಾಟಿದ್ದ. ಪೋಪ್ ಮೆಚ್ಚಿದ್ದು ಇಶಿಯ ಗಿಡ್ಡ ಬಿಲ್ಲನ್ನಲ್ಲ, ಆಳುದ್ದದ ಇಂಗ್ಲಿಷ್ ಬಿಲ್ಲನ್ನು. ಐವತ್ತು ಗಜಕ್ಕೂ ದೂರದಿಂದ ಬಿಟ್ಟ ಬಾಣಗಳ ವಿವರಗಳು ಆ ಪುಸ್ತಕದಲ್ಲಿವೆ. ಪೋಪ್ 1926ರಲ್ಲಿ ತೀರಿಕೊಂಡ. ಆತನ ಮತ್ತು ಯಂಗ್‌ನ ಹೆಸರು ಹೊತ್ತ ‘ಪೋಪ್ ಅಂಡ್ ಯಂಗ್ ಕ್ಲಬ್’ 1961ರಲ್ಲಿ ಹುಟ್ಟಿಕೊಂಡಿತು.

ನಡುವೆ, 1934ರಲ್ಲಿ, ವಿಸ್ಕಾನ್ಸಿನ್ ರಾಜ್ಯ ಎರಡು ಜಿಲ್ಲೆಗಳಲ್ಲಿ ಬಿಲ್ಲಿನಿಂದ ಮಾತ್ರ ಜಿಂಕೆ ಬೇಟೆಯಾಡುವ ಋತುವೊಂದನ್ನು ಪ್ರಯೋಗಕ್ಕಾಗಿ ತೆರೆಯಿತು. ಪರವಾನಗಿ ಪಡೆದವರು 40 ಮಂದಿ. ಸಿಕ್ಕಿದ್ದು ಒಂದೇ ಜಿಂಕೆ! ಪರಿಸರ ಚಿಂತಕ ಆಲ್ಡೊ ಲಿಯೋಪೋಲ್ಡ್ ಆ ಕಾಲದ ವಿಸ್ಕಾನ್ಸಿನ್ ಬಿಲ್ಲುಗಾರರಲ್ಲೊಬ್ಬ. ಬಿಲ್ಲನ್ನು ಕೈಯಾರೆ ಮಾಡಿಕೊಳ್ಳುತ್ತಿದ್ದ. ಆತನ ಹೆಂಡತಿ ಎಸ್ಟೆಲ್ಲಾ ರಾಜ್ಯಮಟ್ಟದ ಬಿಲ್ಲುಗಾರಿಕೆಯಲ್ಲಿ ಹಲವು ಬಾರಿ ಪ್ರಶಸ್ತಿ ಗೆದ್ದವಳು. ಬೇಟೆ ಎಂದರೆ ಬರಿಗೈಯಲ್ಲಿ ಮನೆಗೆ ಮರಳುವುದು ಎಂಬುದನ್ನು ಆ ಪೀಳಿಗೆ ಸಹಜವಾಗಿ ಒಪ್ಪಿಕೊಂಡಿತ್ತು.

ರಾಟೆಯ ಬಿಲ್ಲು, ಬದಲಾಗದ ಜಿಂಕೆ

ಈ ಸ್ಥಿತಿಯನ್ನು ಬದಲಿಸಿದವನು ಮಿಸೌರಿ ರಾಜ್ಯದ ಹಾಲೆಸ್ ವಿಲ್ಬರ್ ಅಲೆನ್. ಬಿಲ್ಲಿನ ತುದಿಗಳಿಗೆ ಬಾವಿ ರಾಟೆಯಂಥ ಪುಟ್ಟ ಗಾಲಿಗಳನ್ನು ಜೋಡಿಸಿದ ‘ಕಾಂಪೌಂಡ್’ ಬಿಲ್ಲಿಗೆ 1969ರಲ್ಲಿ ಆತನಿಗೆ ಪೇಟೆಂಟ್ ದೊರೆಯಿತು. ಈ ಬಿಲ್ಲನ್ನು ಪೂರ್ತಿ ಸೆಳೆದ ಮೇಲೆ ಕೈಮೇಲಿನ ಭಾರ ಬಹಳಷ್ಟು ಇಳಿಯುತ್ತದೆ; ಆತುರಪಡದೆ ನಿಧಾನವಾಗಿ ಗುರಿ ಹಿಡಿಯಬಹುದು. ಬಾಣದ ವೇಗವೂ ಹೆಚ್ಚು. ಹಿಂದೆ ಇಪ್ಪತ್ತು ಗಜಕ್ಕೆ ಅಂಜುತ್ತಿದ್ದವರು ಈಗ ನಲವತ್ತು ಗಜಕ್ಕೂ ಧೈರ್ಯಮಾಡಿದರು.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು. ಸಾಧಾರಣ ಮರದ ಬಿಲ್ಲಿನ ಬಾಣ ಸೆಕೆಂಡಿಗೆ 160 ಅಡಿ ಸಾಗುತ್ತದೆ ಎಂದಿಟ್ಟುಕೊಳ್ಳಿ. ಇಪ್ಪತ್ತು ಗಜ ದಾಟಲು ಅದಕ್ಕೆ ಸುಮಾರು 0.37 ಸೆಕೆಂಡು ಬೇಕು. ಸೆಕೆಂಡಿಗೆ 280 ಅಡಿ ಸಾಗುವ ಕಾಂಪೌಂಡ್ ಬಿಲ್ಲಿನ ಬಾಣಕ್ಕೆ ನಲವತ್ತು ಗಜ ದಾಟಲು ಬೇಕಾದದ್ದು 0.43 ಸೆಕೆಂಡು. ಅಂದರೆ ವೇಗ ಹೆಚ್ಚಿದಷ್ಟೂ ದೂರವನ್ನು ಹೆಚ್ಚಿಸಿಕೊಂಡಿದ್ದರಿಂದ ಜಿಂಕೆಗೆ ಸಿಗುವ ಅವಧಿ ಕಡಿಮೆಯಾಗಲೇ ಇಲ್ಲ, ತುಸು ಹೆಚ್ಚೇ ಆಯಿತು.

ಅಷ್ಟು ಹೊತ್ತಿನಲ್ಲಿ ಜಿಂಕೆ ಏನು ಮಾಡೀತು? ಶಬ್ದ ಸೆಕೆಂಡಿಗೆ ಸುಮಾರು 1,100 ಅಡಿ ಸಾಗುತ್ತದೆ. ಹೆದೆ ಮಿಡಿದ ಸದ್ದು ನಲವತ್ತು ಗಜದಾಚೆಯ ಜಿಂಕೆಗೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ತಲಪಿರುತ್ತದೆ. ಬಾಣ ಇನ್ನೂ ದಾರಿಯಲ್ಲಿರುತ್ತದೆ. ಬೆಚ್ಚಿದ ಜಿಂಕೆ ನೆಗೆಯಲೆಂದು ಮೊದಲು ಕಾಲು ಮಡಚಿ ಮೈ ತಗ್ಗಿಸುತ್ತದೆ. ಎದೆಗೆ ಇಟ್ಟ ಗುರಿ ಬೆನ್ನಿಗೆ ಬೀಳುತ್ತದೆ, ಇಲ್ಲವೇ ಮೇಲಿಂದ ಹಾರಿಹೋಗುತ್ತದೆ. ದಶರಥ ಶಬ್ದ ಕೇಳಿ ಬಾಣ ಬಿಟ್ಟು ಶ್ರವಣಕುಮಾರನನ್ನು ಕೊಂದ ಕಥೆ ನಮಗೆಲ್ಲ ಗೊತ್ತು. ಇಲ್ಲಿ ಬಿಲ್ಲಿನ ಶಬ್ದ ಕೇಳಿಸಿಕೊಳ್ಳುವುದು ಜಿಂಕೆ. ಬೇಟೆಗಾರನ ಕೈ ಎಷ್ಟೇ ಪಳಗಿರಲಿ, ಬಾಣ ಬಿಟ್ಟ ನಂತರದ ಆ ಮೂರನೇ ಒಂದು ಸೆಕೆಂಡು ಆತನ ವಶದಲ್ಲಿಲ್ಲ.

ನಿಷೇಧವೋ, ತರಬೇತಿಯೋ?

ತಪ್ಪಿದ ಬಾಣದ ಪ್ರಶ್ನೆಗೆ ದೇಶಗಳು ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಆಳುದ್ದದ ಬಿಲ್ಲಿಗೆ ಹೆಸರಾದ ಇಂಗ್ಲೆಂಡಿನಲ್ಲೇ 1963ರ ಜಿಂಕೆ ಕಾಯಿದೆ ಬಾಣದಿಂದ ಜಿಂಕೆ ಕೊಲ್ಲುವುದನ್ನು ನಿಷೇಧಿಸಿತು. ಅಮೆರಿಕ ಹಿಡಿದದ್ದು ತರಬೇತಿಯ ದಾರಿ. ಬಿಲ್ಲಿನ ಕನಿಷ್ಠ ಬಲ ಎಷ್ಟಿರಬೇಕು, ಅಲಗು ಎಷ್ಟು ಅಗಲವಿರಬೇಕು ಎಂದು ಹಲವು ರಾಜ್ಯಗಳು ನಿಯಮ ಮಾಡಿವೆ. ಜಿಂಕೆಯ ಒಡಲಿನ ನಕ್ಷೆ ತೋರಿಸಿ ಪಾಠ ಹೇಳುವ ತರಗತಿಗಳೂ ನಡೆಯುತ್ತವೆ.

ತರಬೇತಿ ಸಾಲದು ಎನ್ನುವವರ ಕೈಯಲ್ಲೂ ಅಂಕಿಅಂಶವಿದೆ. ಮೇರಿಲ್ಯಾಂಡ್ ರಾಜ್ಯದ ನೌಕಾಪಡೆ ನೆಲೆಯೊಂದರಲ್ಲಿ ಹಲವು ವರ್ಷ ದಾಖಲೆ ಇಟ್ಟು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾಣ ತಗುಲಿದ ಪ್ರತಿ ನೂರು ಜಿಂಕೆಗಳಲ್ಲಿ ಸುಮಾರು 18 ಬೇಟೆಗಾರರ ಕೈಗೆ ಸಿಗಲೇ ಇಲ್ಲ. ಅವರೆಲ್ಲ ತರಬೇತಿ ಪಡೆದ ಬೇಟೆಗಾರರೇ. ನೂರಕ್ಕೆ 82 ಸಿಕ್ಕವಲ್ಲ ಎಂದು ಒಂದು ಪಕ್ಷ ಸಮಾಧಾನಪಟ್ಟರೆ, ಉಳಿದ 18ರ ಗತಿ ಏನು ಎಂದು ಇನ್ನೊಂದು ಪಕ್ಷ ಕೇಳುತ್ತದೆ. ಅವುಗಳಲ್ಲಿ ಕೆಲವು ಗಾಯ ಮಾಯ್ದು ಬದುಕುತ್ತವೆ, ಕೆಲವು ಬದುಕುವುದಿಲ್ಲ.

ಭಾರತದಲ್ಲಿ ಈ ಚರ್ಚೆಗೆ ಅವಕಾಶವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಪರವಾನಗಿ ಬೇಟೆಯನ್ನೂ ನಿಲ್ಲಿಸಿತು. ಬಂಡೀಪುರ, ನಾಗರಹೊಳೆಯ ಜಿಂಕೆಗೆ ಬಾಣ ಬಿಡುವುದು ಅಪರಾಧ. ಆದರೆ ದಾರಿತಪ್ಪಿದ ಬಾಣದ ಚಿಂತೆ ನಮಗೆ ಹೊಸದಲ್ಲ. ದಶರಥನಿಗೆ ಪುತ್ರಶೋಕದ ಶಾಪ ಬಂದದ್ದು, ಜಿಂಕೆಯ ರೂಪದಲ್ಲಿದ್ದ ಋಷಿಗೆ ಬಾಣ ಹೊಡೆದ ಪಾಂಡುವಿಗೆ ಮರಣಶಾಪ ಬಂದದ್ದು ಬೇಟೆಯ ಸಂದರ್ಭದಲ್ಲೇ. ಇಬ್ಬರೂ ನುರಿತ ಬಿಲ್ಲುಗಾರರು, ಇಬ್ಬರ ಬಾಣವೂ ನಾಟಿತು. ಬಾಣ ಬಿಡಬೇಕೇ ಬೇಡವೇ ಎಂಬ ನಿರ್ಧಾರದಲ್ಲಿ ಇಬ್ಬರೂ ಎಡವಿದರು.

ಇಶಿಯ ಕೈಕೆಲಸದ ಬಾಣಗಳು ಮತ್ತು ಗಾಜಿನ ಮೊನೆಗಳು ಇಂದಿಗೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಆತನ ಭಾಷೆ ಆಡುವವರು ಯಾರೂ ಉಳಿದಿಲ್ಲ. ಅಮೆರಿಕದ ತರಬೇತಿ ತರಗತಿಗಳಲ್ಲಿ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ ಮಾತ್ರ ಇಶಿ ಡೀರ್ ಕ್ರೀಕ್ ಕಣಿವೆಯಲ್ಲಿ ಪಾಲಿಸುತ್ತಿದ್ದದ್ದೇ: ಇನ್ನಷ್ಟು ಹತ್ತಿರ ಹೋಗು; ಹೋಗಲಾಗದಿದ್ದರೆ ಬಿಲ್ಲನ್ನು ಇಳಿಸು.